ಮನೆಯ ಬೆನ್ನಿಗೆ ಕಟ್ಟಿದ ಕಾರು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇತ್ತೀಚೆಗೆ ಒಂದು ಮೋಟಾರ್‌ಹೋಮ್ ಕೊಂಡಿದ್ದಾನೆ. ಅಡಿಗೆಮನೆ, ಮಲಗುವ ಕೋಣೆ, ಸ್ನಾನದ ಮನೆ ಎಲ್ಲವೂ ಇರುವ, ಬಸ್ಸಿನಷ್ಟು ದೊಡ್ಡದಾದ ವಾಹನವದು. ಅದರ ಹಿಂದೆ ತನ್ನ ಕಾರನ್ನು ಕಟ್ಟಿ ಎಳೆದುಕೊಂಡು ಹೋಗುವುದನ್ನು ಈಗ ಕಲಿಯುತ್ತಿದ್ದಾನಂತೆ. "ಸಾರ್, ತಾನೇ ಓಡಬಲ್ಲ ಕಾರನ್ನು ಕಟ್ಟಿ ಎಳೆಯುವುದೇಕೆ ಎಂದು ಊರಿನಲ್ಲಿ ನಮ್ಮಮ್ಮ ಕೇಳುತ್ತಾರೆ. ನೀವು ಇತಿಹಾಸ ಕಲಿಸಿದವರು, ನೀವೇ ಉತ್ತರ ಹೇಳಿ" ಎಂದು ಬರೆದಿದ್ದಾನೆ. ಆ ತಾಯಿಯ ಪ್ರಶ್ನೆ ಸಾಮಾನ್ಯವಾದುದಲ್ಲ. ಅದಕ್ಕೆ ಉತ್ತರ ಹುಡುಕಲು ಸುಮಾರು ನೂರನಲವತ್ತು ವರ್ಷ ಹಿಂದಕ್ಕೆ, ಅದೂ ಇಂಗ್ಲೆಂಡಿಗೆ ಹೋಗಬೇಕಾಗುತ್ತದೆ.

ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬಾತ ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಬಳಿಕ ಬಾಲಕರಿಗಾಗಿ ಸಾಹಸ ಕಥೆಗಳನ್ನು ಬರೆದು ಹೆಸರಾದವನು. ಆತ 1885ರಲ್ಲಿ 'ವಾಂಡರರ್' ಎಂಬ ಗಾಡಿಮನೆಯನ್ನು ಮಾಡಿಸಿಕೊಂಡು, ಎರಡು ಕುದುರೆಗಳನ್ನು ಹೂಡಿ, ಇಂಗ್ಲೆಂಡಿನ ದಕ್ಷಿಣ ಭಾಗದಿಂದ ಸ್ಕಾಟ್ಲೆಂಡಿನವರೆಗೆ ಪ್ರವಾಸ ಹೊರಟ. ಜೀವನೋಪಾಯಕ್ಕಲ್ಲದೆ ಕೇವಲ ವಿಹಾರಕ್ಕೆಂದು ನಿರ್ಮಿಸಿದ ಮೊದಲ ಗಾಡಿಮನೆ ಇದೆಂದು ಹೇಳುವುದುಂಟು. ಇಲ್ಲಿ ನಾವು ಗಮನಿಸಬೇಕಾದುದು ಒಂದು ಸಣ್ಣ ವಿವರವನ್ನು. ಸ್ಟೇಬಲ್ಸನ ಸೇವಕನ ಬಳಿ ಮೂರು ಚಕ್ರದ ಒಂದು ಸೈಕಲ್ ಇತ್ತು. ದೊಡ್ಡ ಗಾಡಿ ಬರುತ್ತಿದೆ ಎಂದು ಎದುರಿನವರಿಗೆ ತಿಳಿಸಲು ಆತ ಅದನ್ನೇರಿ ಮುಂದೆ ಸಾಗುತ್ತಿದ್ದ. ಅಂದರೆ ಚಕ್ರದ ಮೇಲಿನ ಮನೆ ಹುಟ್ಟಿದಾಗಲೇ ಅದಕ್ಕೊಂದು ಚಿಕ್ಕ ವಾಹನದ ಆಸರೆಯೂ ಬೇಕಾಯಿತು. ಹಿಂದೆ ನಮ್ಮ ಕಡೆ ಜಾತ್ರೆಗೆ ಹೊರಟ ಕಮಾನು ಗಾಡಿಯ ಬೆನ್ನಿಗೆ ಕರೆಯುವ ಹಸುವನ್ನು ಕಟ್ಟಿಕೊಂಡು ಹೋಗುತ್ತಿದ್ದುದನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮನೆಯೇ ಹೊರಟಾಗ ಮನೆಯ ಅಗತ್ಯಗಳೂ ಹಿಂಬಾಲಿಸುತ್ತವೆ.

ಅಮೆರಿಕದಲ್ಲಿ ಈ ಪ್ರವಾಸದ ಹುಚ್ಚು ಹಬ್ಬಿಸಿದ್ದು 1908ರಲ್ಲಿ ಬಂದ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಪ್ರವಾಸಿಗರ ಸಂಘವೇ ಹುಟ್ಟಿಕೊಂಡಿತು. ಆಗ ಕಾರು ಮುಂದೆ, ಮನೆ ಹಿಂದೆ. ಊರು ತಲುಪಿದ ಮೇಲೆ ಹಿಂದಿನ ಟ್ರೇಲರನ್ನು ಬಿಚ್ಚಿಟ್ಟು ಕಾರಿನಲ್ಲಿ ಪೇಟೆಗೆ ಹೋದರಾಯಿತು; ಯಾವ ತೊಡಕೂ ಇರಲಿಲ್ಲ.

ತೊಡಕು ಬಂದದ್ದು ಎಂಜಿನ್ನೂ ಮನೆಯೂ ಒಂದೇ ಆದಾಗ. 1956ರ ಹೆದ್ದಾರಿ ಶಾಸನದಿಂದ ದೇಶದುದ್ದಕ್ಕೂ ವಿಶಾಲವಾದ ರಸ್ತೆಗಳು ಬಂದವು. ಮಿಷಿಗನ್ ರಾಜ್ಯದ ರೇಮಂಡ್ ಫ್ರಾಂಕ್ ಎಂಬಾತ ಮೊದಲು ತನ್ನ ಸಂಸಾರಕ್ಕೆಂದು ಒಂದು ಮನೆವಾಹನ ಕಟ್ಟಿ, 1960ರ ದಶಕದ ಆರಂಭದಲ್ಲಿ ಡಾಡ್ಜ್ ಲಾರಿಯ ಚಾಸಿಯ ಮೇಲೆ ಅದನ್ನು ಮಾರಾಟಕ್ಕೆ ತಯಾರಿಸತೊಡಗಿದ. 1966ರಲ್ಲಿ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿ ಎಂಬ ಸಣ್ಣ ಊರಿನಿಂದ ವಿನ್ನೆಬಾಗೊ ಕಂಪನಿಯ ಮೋಟಾರ್‌ಹೋಮ್‌ಗಳು ಕಡಿಮೆ ಬೆಲೆಗೆ ಹೊರಬಂದವು. ನಿವೃತ್ತ ದಂಪತಿಗಳು ಮನೆಯಲ್ಲೇ ಕುಳಿತು ದೇಶ ನೋಡುವಂತಾಯಿತು. ಆದರೆ ಒಂದು ಪೊಟ್ಟಣ ಹಾಲು ಬೇಕೆಂದರೆ ನೀರು, ವಿದ್ಯುತ್ತಿನ ಸಂಪರ್ಕವನ್ನೆಲ್ಲ ಬಿಚ್ಚಿ ಹತ್ತು ಮೀಟರ್ ಉದ್ದದ ಮನೆಯನ್ನೇ ಅಂಗಡಿಗೆ ಓಡಿಸಬೇಕಾಗಿತ್ತು! ಅಲ್ಲಿ ನಿಲ್ಲಿಸಲು ಸ್ಥಳ ಸಿಗದು. 1973ರ ತೈಲ ಬಿಕ್ಕಟ್ಟು ಬಂದ ಮೇಲಂತೂ ಲೀಟರಿಗೆ ಮೂರು ಕಿಲೋಮೀಟರಿನ ಆಸುಪಾಸಿನಲ್ಲಿ ಓಡುವ ವಾಹನವನ್ನು ಚಿಲ್ಲರೆ ಕೆಲಸಕ್ಕೆ ಹೊರಡಿಸುವುದು ದುಬಾರಿಯಾಯಿತು. ಆಗ ಚಿಕ್ಕ ಕಾರು ಹಿಂದೆ ಬಂದು ನಿಂತಿತು. ದೊಡ್ಡ ಹಡಗಿನ ಹಿಂದೆ ಕಟ್ಟುವ ಪುಟ್ಟ ದೋಣಿಯ ನೆನಪಿನಿಂದ ಅದನ್ನು 'ಡಿಂಗಿ' ಎಂದರು. ಎಳೆಯಲ್ಪಟ್ಟದ್ದು ಎಂಬ ಅರ್ಥದ 'ಟೋಡ್' ಪದ ಇಂಗ್ಲಿಷಿನಲ್ಲಿ ನೆಲಗಪ್ಪೆಯ ಹೆಸರಿನಂತೆಯೇ ಕೇಳಿಸುವುದರಿಂದ, ಶ್ಲೇಷೆಗಾಗಿ ಕಪ್ಪೆ ಎಂದೂ ಕರೆದರು.

ನಾಲ್ಕೂ ಚಕ್ರಗಳು ನೆಲದ ಮೇಲೆ ಉರುಳುವಂತೆ, ಟೋ ಬಾರ್ ಎಂಬ ಉಕ್ಕಿನ ತೋಳಿನಿಂದ ಕಾರನ್ನು ಎಳೆಯುವುದು ನೋಡಲು ಸರಳ. ಫೋಕ್ಸ್‌ವ್ಯಾಗನ್ ಬೀಟಲ್‌ನಂತಹ ಹಗುರವಾದ, ಕೈಯಿಂದ ಗೇರು ಹಾಕುವ ಕಾರುಗಳು ಇದಕ್ಕೆ ಚೆನ್ನಾಗಿ ಒಗ್ಗಿದವು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟರೆ ಸಾಕಾಗುತ್ತಿತ್ತು. ಆದರೆ ಸ್ವಯಂಚಾಲಿತ ಗೇರಿನ ಕಾರುಗಳ ಸ್ವಭಾವ ಬೇರೆ. ಸಾಮಾನ್ಯವಾಗಿ ಅವುಗಳ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಸುವ ಪಂಪು ಕಾರಿನ ಎಂಜಿನ್ನಿನಿಂದ ತಿರುಗುತ್ತದೆ. ಎಳೆಯುವಾಗ ಎಂಜಿನ್ ನಿಂತಿರುತ್ತದೆ, ಚಕ್ರಗಳು ಮಾತ್ರ ತಿರುಗುತ್ತಿರುತ್ತವೆ. ಆಗ ಒಳಗಿನ ಭಾಗಗಳು ಎಣ್ಣೆ ಕಾಣದೆ ಒಣಗಿ ಉಜ್ಜಿ, ಕಾದು, ಕೊನೆಗೆ ಸುಟ್ಟುಹೋಗುತ್ತವೆ. ಮುಂದೆ ಕುಳಿತ ಚಾಲಕನಿಗೆ ಸದ್ದೂ ಕೇಳಿಸದು, ವಾಸನೆಯೂ ಬಾರದು. ಊರು ತಲುಪಿ ಕಾರನ್ನು ಬಿಚ್ಚಿದಾಗಲೇ ನಷ್ಟದ ಅರಿವು.

ಅನುಭವ ಕಲಿಸಿದ ಈ ಪಾಠ ಮುಂದೆ ಕಾರಿನ ಕೈಪಿಡಿಗಳಲ್ಲಿ ನಿಯಮವಾಯಿತು. ಯಾವ ಮಾದರಿಯನ್ನು ಎಳೆಯಬಹುದು ಎಂಬ ಪಟ್ಟಿಗಳನ್ನು 'ಮೋಟಾರ್‌ಹೋಮ್' ಎಂಬ ಪತ್ರಿಕೆ ಪ್ರಕಟಿಸುತ್ತ ಬಂತು. ಗೇರ್‌ಬಾಕ್ಸಿನಿಂದ ಚಕ್ರಗಳನ್ನು ಪೂರ್ಣವಾಗಿ ಬೇರ್ಪಡಿಸುವ ಸೌಲಭ್ಯವುಳ್ಳ ಜೀಪ್ ರ‍್ಯಾಂಗ್ಲರ್ ಜನಪ್ರಿಯವಾಯಿತು. ಹೋಂಡಾ ಸಿಆರ್‌-ವಿ ಕಾರಿಗೆ ಆ ದೇಶದಲ್ಲಿ 2014ರ ಮಾದರಿಯವರೆಗೆ ಅನುಮತಿಯಿತ್ತು. ಮರುವರ್ಷ ಗೇರ್‌ಬಾಕ್ಸಿನ ಬಗೆ ಬದಲಾದೊಡನೆ ಅದು ನಿಂತಿತು. ಹೆಸರು ಒಂದೇ, ಹೊರರೂಪವೂ ಬಹುಮಟ್ಟಿಗೆ ಒಂದೇ. ಹಿಂದಿನ ವರ್ಷದ ಜ್ಞಾನ ಮಾತ್ರ ಈ ವರ್ಷಕ್ಕೆ ಸಲ್ಲದು. ಕಲಿಯುವವನು ಮೊದಲು ಓದಬೇಕಾದುದು ತನ್ನದೇ ಕಾರಿನ, ಅದೇ ವರ್ಷದ ಕೈಪಿಡಿಯನ್ನು. ನೆರೆಯವನ ಮಾತನ್ನಲ್ಲ.

ಇನ್ನು ಓಡಿಸುವ ವಿದ್ಯೆ. ಹೊರಡುವ ಮುನ್ನ ಸಮತಟ್ಟಾದ ಜಾಗದಲ್ಲಿ ಎರಡೂ ವಾಹನಗಳನ್ನು ಒಂದೇ ಸಾಲಿಗೆ ತಂದು ತೋಳನ್ನು ಬಿಗಿಯಬೇಕು. ಅದು ಕಳಚಿದರೆ ಹಿಡಿದುಕೊಳ್ಳಲು ಎರಡು ಸರಪಳಿಗಳನ್ನು ಕೆಳಗೆ ಅಡ್ಡಹಾಯಿಸಿ ಕಟ್ಟಬೇಕು. ಮುಂದಿನ ಚಕ್ರಗಳು ತಾವಾಗಿ ತಿರುಗುವಂತೆ ಸ್ಟೀರಿಂಗಿನ ಬೀಗ ಬಿಚ್ಚಿರಬೇಕು. ಒಬ್ಬರು ಒಳಗೆ ಕುಳಿತು ಬ್ರೇಕ್ ಒತ್ತಿದಾಗ ಹಿಂದಿನ ಕಾರಿನ ದೀಪ ಹೊತ್ತುವುದೇ ಎಂದು ಇನ್ನೊಬ್ಬರು ನೋಡಬೇಕು. ತಿರುವಿನಲ್ಲಿ ಹಿಂದಿನ ಕಾರು ಒಳಬದಿಗೆ ಸರಿಯುವುದರಿಂದ ಅಗಲವಾಗಿ ತಿರುಗಿಸಬೇಕು. ಎಲ್ಲಕ್ಕಿಂತ ಕಷ್ಟದ ಪಾಠವೆಂದರೆ, ಹಿಂದಕ್ಕೆ ಚಲಿಸುವಂತಿಲ್ಲ! ಹಿಂದಕ್ಕೆ ತಳ್ಳಿದೊಡನೆ ಕಾರಿನ ಮುಂದಿನ ಚಕ್ರಗಳು ತಮಗೆ ತೋಚಿದತ್ತ ಹೊರಳಿ, ತೋಳು ಬಾಗುತ್ತದೆ. ದಾರಿ ತಪ್ಪಿ ಮುಂದೆ ರಸ್ತೆಯಿಲ್ಲದ ಓಣಿಗೆ ನುಗ್ಗಿದರೆ ಇಳಿದು, ಕಾರನ್ನು ಬಿಚ್ಚಿ, ಎರಡನ್ನೂ ಬೇರೆಬೇರೆಯಾಗಿ ತಿರುಗಿಸಿ, ಮತ್ತೆ ಕಟ್ಟಬೇಕು. ಆದುದರಿಂದ ಪೆಟ್ರೋಲ್ ಬಂಕಿಗೆ ಹೋಗುವ ಮೊದಲೇ ಹೊರಬರುವ ದಾರಿಯನ್ನು ನೋಡಿಕೊಳ್ಳುವ ಅಭ್ಯಾಸ ಬೇಕು.

ನಿಜವಾದ ಅಪಾಯವಿರುವುದು ನಿಲ್ಲಿಸುವುದರಲ್ಲಿ. ಪ್ರೌಢಶಾಲೆಯ ಲೆಕ್ಕವನ್ನೇ ಹಾಕೋಣ. 1500 ಕೆ.ಜಿ. ತೂಕದ ಕಾರು ಗಂಟೆಗೆ 90 ಕಿ.ಮೀ., ಅಂದರೆ ಸೆಕೆಂಡಿಗೆ 25 ಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 4,70,000 ಜೂಲ್. ಕಾರಿಗೆ ಪ್ರತ್ಯೇಕ ಬ್ರೇಕ್ ವ್ಯವಸ್ಥೆ ಇಲ್ಲದಿದ್ದರೆ ಅದನ್ನೆಲ್ಲ ಮುಂದಿನ ವಾಹನದ ಬ್ರೇಕುಗಳೇ ಬಿಸಿಯಾಗಿ ನುಂಗಬೇಕು. ಸಮತಟ್ಟಿನಲ್ಲಿ ಈ ಹೊರೆ ಗೊತ್ತಾಗದು. ಕೊಲರಾಡೊದಲ್ಲಿ ಡೆನ್ವರ್‌ನ ಪಶ್ಚಿಮಕ್ಕಿರುವ ಪರ್ವತದ ಹೆದ್ದಾರಿಯ ದೀರ್ಘ ಇಳಿಜಾರುಗಳಲ್ಲಿ ಗೊತ್ತಾಗುತ್ತದೆ. ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದೇ ಅಲ್ಲಿ ಪಕ್ಕದ ದಾರಿಗಳನ್ನು ಕಟ್ಟಿದ್ದಾರೆ. ನಮ್ಮ ಚಾರ್ಮಾಡಿ ಘಾಟಿಯನ್ನು ಬಸ್ಸಿನಲ್ಲಿ ಇಳಿದವರಿಗೆ, ಚಾಲಕ ಏಕೆ ಕೆಳಗಿನ ಗೇರಿನಲ್ಲೇ ಇಳಿಸುತ್ತಾನೆಂಬುದು ತಿಳಿದಿರುತ್ತದೆ. ಇಲ್ಲಿಯೂ ಅದೇ ಸೂತ್ರ. ಜೊತೆಗೆ ಹಿಂದಿನ ಕಾರಿನ ಬ್ರೇಕನ್ನೂ ತಾನಾಗಿ ಒತ್ತುವ ಸಾಧನವಿರಬೇಕು. ಕೊಂಡಿ ಕಳಚಿದರೆ ಕಾರನ್ನು ತಡೆದು ನಿಲ್ಲಿಸುವ ಸ್ವಿಚ್ಚೂ ಇರಬೇಕು. ಎಷ್ಟು ತೂಕದಿಂದ ಬ್ರೇಕ್ ಕಡ್ಡಾಯವೆಂಬ ನಿಯಮ ಅಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅನೇಕ ರಾಜ್ಯಗಳಲ್ಲಿ 3000 ಪೌಂಡ್, ಅಂದರೆ ಸುಮಾರು 1360 ಕೆ.ಜಿ. ಎಂಬ ಮಿತಿಯಿದೆ. ಆದರೆ ಗುರುತ್ವಾಕರ್ಷಣೆ ರಾಜ್ಯದ ಗಡಿ ನೋಡಿ ಕೆಲಸ ಮಾಡುವುದಿಲ್ಲ.

ಈಗ ಆ ದೇಶದಲ್ಲಿ ಕೈಗೇರಿನ ಕಾರುಗಳು ತೀರ ವಿರಳವಾಗಿವೆ. ವಿದ್ಯುತ್ ಕಾರುಗಳಲ್ಲಿ ಹೆಚ್ಚಿನವನ್ನು ಹೀಗೆ ನೆಲದ ಮೇಲೆ ಎಳೆಯುವಂತಿಲ್ಲ, ಏಕೆಂದರೆ ಚಕ್ರದೊಡನೆ ಅವುಗಳ ಮೋಟಾರೂ ತಿರುಗುತ್ತದೆ. ಬೀಟಲ್ ಕಾಲದ ಸುಲಭ ವಿದ್ಯೆ ವರ್ಷದಿಂದ ವರ್ಷಕ್ಕೆ ಜಟಿಲವಾಗುತ್ತಿದೆ.

ಆ ತಾಯಿಗೆ ನನ್ನ ಉತ್ತರವಿಷ್ಟು: ಅಮ್ಮ, ದೊಡ್ಡದನ್ನು ಕಟ್ಟಿಕೊಂಡವನಿಗೆ ಚಿಕ್ಕದರ ಅಗತ್ಯ ತಪ್ಪುವುದಿಲ್ಲ; ಅದಕ್ಕಾಗಿ ಎಳೆಯುತ್ತಾರೆ. ವಿದ್ಯಾರ್ಥಿಗೆ ಹೇಳುವುದು ಬೇರೆ. ಎಳೆಯಲು ಎಂಜಿನ್ ಸಾಕು, ನಿಲ್ಲಿಸಲು ವಿವೇಕ ಬೇಕು. ಬೆನ್ನ ಹಿಂದೆ ಸದ್ದಿಲ್ಲದೆ ಬರುವುದನ್ನು ಮರೆಯದಿರುವುದೇ ಈ ವಿದ್ಯೆಯ ತಿರುಳು. ಪ್ರತಿ ಸಲ ನಿಲ್ಲಿಸಿದಾಗಲೂ ಇಳಿದು, ಕೊಂಡಿ, ಸರಪಳಿ, ಟೈರು, ದೀಪ, ಈ ನಾಲ್ಕನ್ನೂ ಕೈಯಿಂದ ಮುಟ್ಟಿ ನೋಡು. ಆಮೇಲೆ ಮುಂದಿನ ಊರು.