ಹ್ಯೂ ಪೆನಿಂಗ್ಟನ್: ಮಾಂಸದಂಗಡಿಯ ಜಾಡು ಹಿಡಿದ ಬ್ಯಾಕ್ಟೀರಿಯಾ ತಜ್ಞ

ಹಸಿ ಮಾಂಸವನ್ನೂ ಬೇಯಿಸಿದ ಮಾಂಸವನ್ನೂ ಬೇರೆ ಬೇರೆ ಇಡಬೇಕು. ಅಡುಗೆ ಬಲ್ಲವರಿಗೆಲ್ಲ ತಿಳಿದಿರುವ ಈ ಮಾತನ್ನು ಬ್ರಿಟನ್ನಿನ ಮಾಂಸ ವ್ಯಾಪಾರಕ್ಕೆ ಮನದಟ್ಟು ಮಾಡಿಸಲು ಎರಡು ದುರಂತಗಳು, ಎರಡು ವಿಚಾರಣೆಗಳು ಬೇಕಾದವು. ಎರಡರ ನೇತೃತ್ವವನ್ನೂ ವಹಿಸಿದ್ದವರು ಪ್ರೊ. ಹ್ಯೂ ಪೆನಿಂಗ್ಟನ್.

1938ರಲ್ಲಿ ಜನಿಸಿದ ಪೆನಿಂಗ್ಟನ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಶಿಕ್ಷಣ ಪಡೆದರು. ಗ್ಲಾಸ್ಗೋದಲ್ಲಿ ವೈರಸ್‌ಗಳ ಸಂಶೋಧನೆ ನಡೆಸಿ, 1979ರಲ್ಲಿ ಅಬರ್ಡೀನ್ ವಿಶ್ವವಿದ್ಯಾಲಯದ ಬ್ಯಾಕ್ಟೀರಿಯಾಶಾಸ್ತ್ರ ಪ್ರಾಧ್ಯಾಪಕರಾದರು, 2003ರಲ್ಲಿ ನಿವೃತ್ತರಾದರು. ಆ ಊರಿಗೆ ಮಾಂಸದ ಕಹಿ ನೆನಪು ಮೊದಲೇ ಇತ್ತು. 1964ರಲ್ಲಿ ಅರ್ಜೆಂಟೀನಾದಿಂದ ಬಂದ ಡಬ್ಬಿ ಮಾಂಸದಿಂದ ಅಲ್ಲಿ ನೂರಾರು ಜನರಿಗೆ ವಿಷಮಶೀತಜ್ವರ ತಗುಲಿತ್ತು.

1996ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ವಿಶಾ ಪಟ್ಟಣದ ಚರ್ಚಿನಲ್ಲಿ ಹಿರಿಯ ನಾಗರಿಕರಿಗೆ ಭೋಜನ ಏರ್ಪಾಡಾಗಿತ್ತು. ಮಾಂಸ ಬಂದದ್ದು ಊರಿನ ಹೆಸರಾಂತ ಅಂಗಡಿಯೊಂದರಿಂದ. ಆ ಅಂಗಡಿಯ ಮಾಂಸದಿಂದ ಹಬ್ಬಿದ ಸೋಂಕಿಗೆ ಸುಮಾರು 500 ಮಂದಿ ಸಿಲುಕಿದರು. ಸುಮಾರು 20 ಮಂದಿ ಅಸುನೀಗಿದರು. ಕಾರಣ ಇ. ಕೋಲಿ ಓ157. ದನಗಳ ಕರುಳಿನಲ್ಲಿ ಅವಕ್ಕೆ ಯಾವ ತೊಂದರೆಯನ್ನೂ ಕೊಡದೆ ಬದುಕುವ ಈ ಬ್ಯಾಕ್ಟೀರಿಯಾ, ಮನುಷ್ಯನ ದೇಹದಲ್ಲಿ ವಿಷವಸ್ತು ಸ್ರವಿಸಿ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ನೂರಕ್ಕಿಂತ ಕಡಿಮೆ ಜೀವಾಣುಗಳೂ ರೋಗ ತರಲು ಸಾಕು. ಹೀಗಾಗಿ ಹಸಿ ಮಾಂಸ ತಗುಲಿದ ಚಾಕುವನ್ನು ಮೇಲುಮೇಲೆ ಒರೆಸಿದರೆ ಸಾಲದು. ಬೇಯಿಸಿ ತಣಿಸಿದ ಮಾಂಸ ಮತ್ತೆ ಒಲೆಗೆ ಹೋಗುವುದಿಲ್ಲವಾದ್ದರಿಂದ ಅದಕ್ಕೆ ಅಂಟಿದ್ದು ನೇರವಾಗಿ ತಟ್ಟೆಗೇ ಬರುತ್ತದೆ.

ಪೆನಿಂಗ್ಟನ್ ನೇತೃತ್ವದ ತಜ್ಞರ ತಂಡ 1997ರಲ್ಲಿ ವರದಿ ನೀಡಿತು. ಹಸಿ ಮತ್ತು ಬೇಯಿಸಿದ ಮಾಂಸ ಎರಡನ್ನೂ ಮಾರುವ ಅಂಗಡಿಗಳಿಗೆ ಪರವಾನಗಿ ಬೇಕು, ಅಪಾಯ ಎಲ್ಲಿ ಹುಟ್ಟುತ್ತದೆಂದು ಮೊದಲೇ ಗುರುತಿಸಿ ತಡೆಯುವ ‘ಹ್ಯಾಸಪ್’ ಪದ್ಧತಿ ಬರಬೇಕು ಎಂಬುದು ಅದರ ತಿರುಳು. ಪರವಾನಗಿ 2000ದಲ್ಲಿ ಜಾರಿಗೆ ಬಂತು. 2006ರಲ್ಲಿ ಐರೋಪ್ಯ ಒಕ್ಕೂಟದ ಹೊಸ ನೈರ್ಮಲ್ಯ ನಿಯಮಗಳು ಬಂದಾಗ ಅದು ರದ್ದಾಯಿತು.

ಅಷ್ಟರಲ್ಲಿ, 2005ರಲ್ಲಿ, ದಕ್ಷಿಣ ವೇಲ್ಸ್‌ನಲ್ಲಿ ಅದೇ ಬ್ಯಾಕ್ಟೀರಿಯಾ ಶಾಲಾ ಮಕ್ಕಳ ಊಟಕ್ಕೆ ಹೊಕ್ಕಿತ್ತು. 150ಕ್ಕೂ ಹೆಚ್ಚು ಮಂದಿ ಅಸ್ವಸ್ಥರಾಗಿ, 5 ವರ್ಷದ ಬಾಲಕನೊಬ್ಬ ಮೃತಪಟ್ಟ. ಶಾಲೆಗಳಿಗೆ ಮಾಂಸ ಪೂರೈಸುತ್ತಿದ್ದ ವ್ಯಾಪಾರಿ ಹಸಿ ಮಾಂಸಕ್ಕೂ ಬೇಯಿಸಿದ ಮಾಂಸಕ್ಕೂ ಒಂದೇ ನಿರ್ವಾತ ಪ್ಯಾಕಿಂಗ್ ಯಂತ್ರ ಬಳಸುತ್ತಿದ್ದ. ಅವನಿಗೆ 2007ರಲ್ಲಿ ಜೈಲು ಶಿಕ್ಷೆಯಾಯಿತು. ಈ ಬಾರಿಯ ಸಾರ್ವಜನಿಕ ವಿಚಾರಣೆಗೂ ಪೆನಿಂಗ್ಟನ್ ಅವರೇ ಅಧ್ಯಕ್ಷರು. 2009ರ ವರದಿ ವ್ಯಾಪಾರಿಯನ್ನಷ್ಟೇ ದೂರಲಿಲ್ಲ, ಅವನ ಅಂಗಡಿಗೆ ಬಂದು ಹೋಗುತ್ತಿದ್ದ ತಪಾಸಣೆ ವ್ಯವಸ್ಥೆಯ ಲೋಪವನ್ನೂ ಎತ್ತಿ ತೋರಿಸಿತು. ಕಾಗದದ ಮೇಲಿನ ಹ್ಯಾಸಪ್‌ಗೂ ಅಂಗಡಿಯೊಳಗಿನ ನಡವಳಿಕೆಗೂ ಇದ್ದ ಅಂತರ ಅದರ ಪುಟಗಳಲ್ಲಿ ಬಯಲಾಯಿತು.

ನಿರ್ವಾತ ಪ್ಯಾಕಿಂಗ್‌ನಂತಹ ಯಂತ್ರಗಳನ್ನು ಎರಡು ಬಗೆಯ ಆಹಾರಕ್ಕೂ ಬಳಸಕೂಡದೆಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2011ರಲ್ಲಿ ಮಾರ್ಗಸೂಚಿ ಹೊರಡಿಸಿತು.