ರುಫೈದಾ(ರ)ರ ಡೇರೆ

ಹಿಜರಿ 5ರ ಖಂದಕ್ ಯುದ್ಧದಲ್ಲಿ ಔಸ್ ಗೋತ್ರದ ನಾಯಕ ಸಅದ್ ಬಿನ್ ಮುಆದ್(ರ)ರ ತೋಳಿನ ರಕ್ತನಾಳಕ್ಕೆ ಬಾಣ ನಾಟಿತು. ಅವರನ್ನು ರುಫೈದಾರ ಡೇರೆಯಲ್ಲಿರಿಸಿ, ಹತ್ತಿರದಿಂದ ನಾನು ವಿಚಾರಿಸಿಕೊಳ್ಳುತ್ತೇನೆ ಎಂದರು ಪ್ರವಾದಿ(ಸ).

ಅಸ್ಲಂ ಗೋತ್ರದ ರುಫೈದಾ(ರ) ಮದೀನಾದ ಮಸೀದಿಯಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ನೀಡುತ್ತಿದ್ದರು. ಇಬ್ನು ಇಸ್‌ಹಾಕ್ ಇನ್ನೊಂದು ಮಾತನ್ನೂ ದಾಖಲಿಸಿದ್ದಾರೆ: ನೋಡಿಕೊಳ್ಳಲು ಯಾರೂ ಇಲ್ಲದ ಮುಸ್ಲಿಮರ ಸೇವೆಗೆ ಅವರು ತಮ್ಮನ್ನೇ ಮುಡಿಪಾಗಿಟ್ಟಿದ್ದರು. ನಾಯಕನಿಗೂ ದಿಕ್ಕಿಲ್ಲದವನಿಗೂ ಒಂದೇ ಕೈಯ ಆರೈಕೆ!

ಸಅದ್(ರ) ಆ ಗಾಯದಿಂದ ಉಳಿಯಲಿಲ್ಲ. ಶಿಫಾ ಅಲ್ಲಾಹನದು, ಕೌಶಲ ಮತ್ತು ಕರುಣೆ ನಮ್ಮ ಹೊಣೆ. ಇಂದು ವಾರ್ಡಿನಲ್ಲಿ ಜೊತೆಗಾರರಿಲ್ಲದ ರೋಗಿಯ ಕರೆಗೆ ತಡಮಾಡದೆ ಓಗೊಡುವ ನರ್ಸ್ ಯಾವ ಧರ್ಮದವರೇ ಆಗಿರಲಿ, ಆ ಡೇರೆಯ ಕೆಲಸವನ್ನೇ ಮುಂದುವರಿಸುತ್ತಿದ್ದಾರೆ. ಅವರನ್ನು ಗೌರವಿಸೋಣ, ನಮ್ಮ ಮಕ್ಕಳನ್ನೂ ಆ ಸೇವೆಗೆ ಹುರಿದುಂಬಿಸೋಣ.