ನಾದ ಹತ್ತೇತಿ

ಹೋದ ವಾರ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಸವದತ್ತಿ ಬಸ್ಸಿಗೆ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ತಾಯಿ, ಮಗಳು. ತಾಯಿ ಪರಿಚಯದವರೊಬ್ಬರಿಗೆ ಹೇಳುತ್ತಿದ್ದರು: ‘ನಮ್ಮ ಸಣ್ಣಾವಗ ರಾಕೆಟ್ಟಿನ ನಾದ ಹತ್ತೇತ್ರಿ. ಉಣ್ಣಾಕ ಕರದ್ರೂ ಎದ್ದು ಬರೂದಿಲ್ಲ.’ ಮಗಳು ತಾಯಿಯ ಸೆರಗು ಜಗ್ಗಿದಳು: ‘ನಾದ ಅನಬ್ಯಾಡ ಬೇ, ನಾಕ ಮಂದ್ಯಾಗ ಛಂದ ಕಾಣೂದಿಲ್ಲ. ಪ್ಯಾಶನ್ ಅನ್ನು.’ ತಾಯಿ ಆ ಶಬ್ದವನ್ನು ಬಾಯೊಳಗೇ ಒಮ್ಮೆ ಆಡಿಸಿ ನೋಡಿ ಸುಮ್ಮನಾದರು. ಬಸ್ಸು ಬಂತು, ಹತ್ತಿದೆ. ಸವದತ್ತಿ ಬರುವವರೆಗೂ ನನ್ನ ಸಿಟ್ಟು ಇಳಿಯಲಿಲ್ಲ.

ನಾದವೆಂದರೆ ತಂಬೂರಿಯ ನಾದ ಎಂದಷ್ಟೇ ತಿಳಿದ ದಕ್ಷಿಣದ ಓದುಗರಿಗೆ ಒಂದು ಮಾತು. ನಮ್ಮ ತೊರಗಲ್ ಸೀಮೆಯಲ್ಲಿ ಇಸ್ಪೀಟಿನ ನಾದ ಇದೆ, ಕುಸ್ತಿಯ ನಾದ ಇದೆ, ನಾಟಕದ ನಾದದಲ್ಲಿ ಹೊಲ ಕಳೆದುಕೊಂಡವರೂ ಇದ್ದಾರೆ. ಕೆಟ್ಟವನ ಸಹವಾಸ ಬೇಡವೆನ್ನಲು ‘ಅವನ ನಾದಕ್ಕ ಹೋಗಬ್ಯಾಡ’ ಅನ್ನುತ್ತೇವೆ. ಹುಚ್ಚು ಹಿಡಿಯುತ್ತದೆ, ಗೀಳು ಅಂಟುತ್ತದೆ. ನಾದ ಮಾತ್ರ ಹತ್ತುತ್ತದೆ, ಒಲೆಗೆ ಬೆಂಕಿ ಹತ್ತಿದ ಹಾಗೆ, ನಾಲಿಗೆಗೆ ರುಚಿ ಹತ್ತಿದ ಹಾಗೆ. ಮರಾಠಿಯಲ್ಲೂ ಇದೇ ಅರ್ಥದ ನಾದ ಇದೆ. ಗಡಿಯವರು ನಾವು; ಯಾರ ಮನೆಯಿಂದ ಯಾರ ಮನೆಗೆ ಬಂತು ಎಂಬ ಲೆಕ್ಕ ನನಗೆ ಬೇಡ. ನಾನು ನಂಬಿದ್ದು ಬೇರೆ. ಈ ನಾದವೂ ಕಿವಿಯಿಂದಲೇ ಒಳಗಿಳಿದದ್ದು. ಉಳಿದವರಿಗೆ ಕೇಳಿಸದ ಒಂದು ದನಿ ಒಬ್ಬನ ಕಿವಿಗೆ ಬೀಳುತ್ತದೆ, ಅವನು ಅದರ ಬೆನ್ನು ಹತ್ತುತ್ತಾನೆ.

ಇದನ್ನು ನನಗೆ ಕಲಿಸಿದವಳು ನಮ್ಮ ಆಯಿ. 1970ರ ಭಾರತ ಹುಣ್ಣಿಮೆ. ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ರಾತ್ರಿಯೇ ಹೊರಟಿದ್ದೆವು. ಅಡಿಯಲ್ಲಿ ಜೋಳದ ಕಣಿಕೆ, ಮೇಲೆ ಕೌದಿ, ಅದರ ಮೇಲೆ ನಾನು ಅಂಗಾತ. ಎತ್ತುಗಳ ಕೊರಳ ಗೆಜ್ಜೆ, ಹಿಂದೆ ಮುಂದೆ ಹತ್ತಾರು ಚಕ್ಕಡಿ, ಎದ್ದ ಧೂಳೆಲ್ಲ ಬೆಳದಿಂಗಳಲ್ಲಿ ಹಿಟ್ಟಿನ ಹಾಗೆ. ನೆತ್ತಿಯ ಮೇಲೆ ತುಂಬಿದ ಚಂದ್ರ. ಅಷ್ಟರಲ್ಲಾಗಲೇ ನಾಲ್ಕು ಮಂದಿ ಅದರ ಮೇಲೆ ನಡೆದು ಬಂದಿದ್ದರು: ಹಿಂದಿನ ಜುಲೈನಲ್ಲಿ ಇಬ್ಬರು, ನವೆಂಬರಿನಲ್ಲಿ ಇಬ್ಬರು. ಮಾಸ್ತರರು ಶಾಲೆಯಲ್ಲಿ ಹೇಳಿದ್ದನ್ನು ನಾನು ಆಯಿಗೆ ಹೇಳಿದೆ. ಆಕೆ ಸುಳ್ಳು ಅನ್ನಲಿಲ್ಲ. ‘ಯಾಕ ಹೋಗಿದ್ರಂತ?’ ಅಂದಳು. ನನಗೆ ಗೊತ್ತಿರಲಿಲ್ಲ. ಅಷ್ಟೊತ್ತಿಗೆ ಮುಂದಿನ ಕತ್ತಲೆಯಿಂದ ಚೌಡಿಕೆಯ ದನಿ ಬಂತು, ತುಂಯ್ ತುಂಯ್ ಎಂದು ಒಂದೇ ತಂತಿ ಜಗ್ಗಿ ಜಗ್ಗಿ ಬಿಟ್ಟ ಹಾಗೆ, ಅದರ ಬೆನ್ನಿಗೆ ‘ಉಧೋ ಉಧೋ’. ನಮ್ಮ ಎತ್ತುಗಳು ತಾವಾಗಿ ಹೆಜ್ಜೆ ಜೋರು ಮಾಡಿದವು. ಆಯಿ ಕಿವಿಗೊಟ್ಟು ಕೇಳಿ, ಚಂದ್ರನ ಕಡೆ ಕೈ ಮಾಡಿ ಅಂದಳು: ‘ಅವರಿಗೂ ಹಿಂಗ ಏನರೆ ಕೇಳಿಸಿರಬೇಕಪಾ. ನಾದ ಹತ್ತಿದವ್ರು ಮನ್ಯಾಗ ಕೂಡೂದಿಲ್ಲ.’

ಆಯಿಗೆ ಅಕ್ಷರ ಬರುತ್ತಿರಲಿಲ್ಲ, ಸ್ಪುಟ್ನಿಕ್ ಗೊತ್ತಿರಲಿಲ್ಲ. ಆದರೆ ಬಾಹ್ಯಾಕಾಶದ ಕಥೆ ಶುರುವಾದದ್ದೇ ದನಿಯಿಂದ. 1957ರ ಅಕ್ಟೋಬರ್ 4ರಂದು ಮೇಲೇರಿದ ಆ 83.6 ಕಿಲೋ ತೂಕದ ಗೋಲ ಮಾಡುತ್ತಿದ್ದುದು ‘ಬೀಪ್ ಬೀಪ್’ ಎನ್ನುವುದೊಂದೇ ಕೆಲಸ ಎಂಬಂತೆ ಜಗತ್ತು ಕೇಳಿತು. ಮನೆಯಲ್ಲಿ ರೇಡಿಯೊ ಕಟ್ಟಿಕೊಂಡ ಹವ್ಯಾಸಿಗಳೂ ಅದನ್ನು ಹಿಡಿದರು. ಬ್ಯಾಟರಿ ಮೂರು ವಾರಕ್ಕೆ ಮುಗಿಯಿತು, ಹತ್ತಿದ ನಾದ ಬಿಡಲಿಲ್ಲ. ನನಗೂ ಬಿಡಲಿಲ್ಲ. ರಾಜಶೇಖರ ಭೂಸನೂರಮಠರ ವಿಜ್ಞಾನ ಕಾದಂಬರಿಗಳು, ರಷ್ಯದಿಂದ ಬರುತ್ತಿದ್ದ ಬಣ್ಣದ ಪತ್ರಿಕೆಗಳು, ಸಿಕ್ಕದ್ದನ್ನೆಲ್ಲ ಓದಿದೆ. ಪೀಣ್ಯದ ಶೆಡ್ಡುಗಳಲ್ಲಿ ಯು.ಆರ್. ರಾವ್ ಮತ್ತವರ ಜೊತೆಗಾರರು ಕಟ್ಟಿದ ಆರ್ಯಭಟ 1975ರ ಏಪ್ರಿಲ್ 19ರಂದು ಏರಿದಾಗ ಊರ ತುಂಬ ಪೇಢೆ ಹಂಚಿದೆ.

ಬೆಂಗಳೂರಿನ ಹತ್ತಿರ ಬ್ಯಾಲಾಳು ಎಂಬ ಹಳ್ಳಿಯಿದೆ. ಅಲ್ಲಿ 32 ಮೀಟರ್ ಅಗಲದ ಆಂಟೆನಾ ಬೋಗುಣಿಯಂತೆ ಆಕಾಶಕ್ಕೆ ಬಾಯ್ತೆರೆದು ನಿಂತಿದೆ. ಚಂದ್ರಯಾನ ಕಳಿಸುವ ಕ್ಷೀಣ ಸಂಕೇತವನ್ನು ಸುಮಾರು 3,84,000 ಕಿಲೋಮೀಟರ್ ದೂರದಿಂದ ಕೇಳಿಸಿಕೊಳ್ಳುವುದು ಅದರ ಕೆಲಸ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಚಂದ್ರನೆಲಕ್ಕೆ 2.1 ಕಿಲೋಮೀಟರ್ ಇರುವವರೆಗೂ ಎಲ್ಲ ಸರಿಯಿತ್ತು. ಆಮೇಲೆ ದನಿ ನಿಂತಿತು. ಟೀವಿ ಮುಂದೆ ನಾನು ಅತ್ತದ್ದು ಆ ಮೌನಕ್ಕೆ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಅದೇ ದನಿ, ಈ ಸಲ ಚಂದ್ರಯಾನ-3ರದು, ಚಂದ್ರನ ದಕ್ಷಿಣ ಧ್ರುವದ ಹತ್ತಿರದಿಂದ ಬಂತು. ಇದನ್ನು ಪ್ಯಾಶನ್ ಅನ್ನಬೇಕೆ? ಈಗಿನ ಹುಡುಗರು ‘ನಾನು ಸ್ಪೇಸ್ ಗೀಕ್’ ಅನ್ನುತ್ತಾರೆ. ಆ ಮಾತು ಅವರು ಯಾರು ಎಂದಷ್ಟೇ ಹೇಳುತ್ತದೆ. ಅವರಿಗೆ ಏನಾಗಿದೆ ಎಂದು ಹೇಳುವುದು ನಾದ.

ನಾದ ದೂರದ ಊರಿನವರಿಗೇ ಹತ್ತಬೇಕೆಂದಿಲ್ಲ. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಾಗ ಅವರ ಜೊತೆ ಹೆಸರುಕಾಳು, ಮೆಂತ್ಯಕಾಳು ಹೋದವು. ಅಲ್ಲಿ ಮೊಳಕೆ ಹೇಗೆ ಒಡೆಯುತ್ತದೆಂದು ನೋಡುವ ಆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಅಲ್ಲಿಯದೇ ಐಐಟಿಯದು. ನಮ್ಮ ಎರಿಹೊಲದಲ್ಲಿ ಮುಂಗಾರಿಗೆ ಬಿತ್ತುವ ಅದೇ ಹೆಸರು.

ಬಸ್‌ಸ್ಟ್ಯಾಂಡಿನ ಆ ತಾಯಿ ಅಂದದ್ದೇ ಸರಿ. ತಿದ್ದಿಕೊಳ್ಳಬೇಕಾದವಳು ಮಗಳು.